ಆರೈಕೆಗೂ ಮುಯ್ಯಾಳು: ಹಿರಿಯರು ಮತ್ತು ಅಂಗವಿಕಲರು ಇರುವ ಮನೆಗಳಿಗಾಗಿ ಊರಿನಲ್ಲೊಂದು ಬಳಗ ಕಟ್ಟುವ ಬಗೆ

ಮಧುಗಿರಿ, ಕೊರಟಗೆರೆ ಕಡೆಯ ಹಳ್ಳಿಗಳಲ್ಲಿ ರಾಗಿ ಕೊಯ್ಲಿಗೆ ಮುಯ್ಯಾಳು ಹೋಗುವ ಪದ್ಧತಿ, ಯಂತ್ರಗಳು ಬಂದ ಮೇಲೆ ಕಡಿಮೆಯಾಗಿದ್ದರೂ, ಪೂರ್ತಿ ಮರೆತುಹೋಗಿಲ್ಲ. ಇಂದು ನಮ್ಮ ಮನೆಯ ಇಬ್ಬರು ನಿಮ್ಮ ಹೊಲಕ್ಕೆ ಬಂದರೆ ನಾಳಿದ್ದು ನಿಮ್ಮ ಮನೆಯ ಇಬ್ಬರು ನಮ್ಮ ಹೊಲಕ್ಕೆ ಬರುತ್ತಾರೆ. ಅಲ್ಲಿ ಕೂಲಿಯ ಮಾತಿಲ್ಲ, ಉಪಕಾರದ ಮಾತೂ ಇಲ್ಲ. ಅದೇ ಊರಿನಲ್ಲಿ ಲಕ್ವ ಹೊಡೆದು ಹಾಸಿಗೆ ಹಿಡಿದ ಅತ್ತೆಯನ್ನೋ, ತಾನಾಗಿ ಎದ್ದು ಕೂರಲಾರದ ಮಗನನ್ನೋ ವರ್ಷಗಟ್ಟಲೆ ಒಬ್ಬಳೇ ನೋಡಿಕೊಳ್ಳುತ್ತಿರುವ ಹೆಣ್ಣುಮಗಳ ಮನೆಗೆ ಮಾತ್ರ ಯಾರೂ ಮುಯ್ಯಾಳು ಹೋಗುವುದಿಲ್ಲ. ನೆರೆಯವರಿಗೆ ಕನಿಕರವಿಲ್ಲವೆಂದಲ್ಲ; ಹಣ್ಣು ಹಿಡಿದುಕೊಂಡು ನೋಡಿಬರುತ್ತಾರೆ, ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಡುತ್ತಾರೆ. ಆ ಹೆಣ್ಣುಮಗಳಿಗೆ ಬೇಕಾದದ್ದು ವಾರಕ್ಕೊಮ್ಮೆ ಎರಡು ತಾಸು ತನ್ನ ಜಾಗದಲ್ಲಿ ಕೂರುವ ಒಬ್ಬರು.

ಸರ್ಕಾರದ ಯೋಜನೆಗಳ ಪಟ್ಟಿ ಕೊಡುವ ಬರಹಗಳು ಬೇಕಾದಷ್ಟಿವೆ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇಂಥ ಮನೆಗಳವರೊಂದಿಗೆ ಓಡಾಡಿದ ಅನುಭವದಿಂದ ಹೇಳುವುದಾದರೆ, ಅವರಲ್ಲಿ ಹೆಚ್ಚಿನವರು ನೆರವನ್ನು ಬೇಡವೆನ್ನುವುದು ಹಂಗಿಗೆ ಅಂಜಿ. ಒಮ್ಮೆ ಸಹಾಯ ಪಡೆದರೆ ನಾಳೆ ಯಾವುದಾದರೂ ಜಗಳದಲ್ಲಿ ಅದನ್ನು ಎತ್ತಿ ಆಡುತ್ತಾರೆಂಬ ಭಯ ಹಳ್ಳಿಯಲ್ಲಿ ಸುಳ್ಳಲ್ಲ. ಆದ್ದರಿಂದ ಬಳಗವನ್ನು ದಾನದ ಲೆಕ್ಕದಲ್ಲಿ ಕಟ್ಟದೆ ಮುಯ್ಯಿಯ ಲೆಕ್ಕದಲ್ಲಿ ಕಟ್ಟಬೇಕು. ಈ ಬರಹದಲ್ಲಿ ಹೇಳಿರುವ ಎಲ್ಲ ಕ್ರಮಗಳೂ ಈ ಒಂದು ನಿಲುವಿನಿಂದ ಹೊರಟವು.

ಮನೆಗಳನ್ನು ಗುರುತಿಸುವುದು

ಊರಿನಲ್ಲಿ ಯಾವ ಮನೆಯಲ್ಲಿ ಯಾರಿದ್ದಾರೆಂಬುದು ಎಲ್ಲರಿಗೂ ಗೊತ್ತೆಂದು ನಾವು ತಿಳಿದಿರುತ್ತೇವೆ, ಆದರೆ ಗೊತ್ತಿರುವುದಿಲ್ಲ. ಮಾನಸಿಕ ಕಾಯಿಲೆಯ ಮಗಳನ್ನು ಒಳಮನೆಯಲ್ಲೇ ಇರಿಸಿರುವ ತಂದೆ ತಾಯಿ, ಮರೆವಿನ ಕಾಯಿಲೆಯ ಅಜ್ಜನನ್ನು ಹೊರಗೆ ಬಿಡದ ಮನೆಯವರು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲು ಆಶಾ ಕಾರ್ಯಕರ್ತೆಯನ್ನು, ಆಮೇಲೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಬೇಕು. ಪಂಚಾಯಿತಿಗೊಬ್ಬರಂತೆ ಇರುವ ಈ ಕಾರ್ಯಕರ್ತರನ್ನು ಜನ ವಿ.ಆರ್.ಡಬ್ಲ್ಯು. ಎಂದೇ ಕರೆಯುತ್ತಾರೆ, ಅವರು ಸಾಮಾನ್ಯವಾಗಿ ಸ್ವತಃ ಅಂಗವಿಕಲರೇ ಆಗಿರುವುದರಿಂದ ಮನೆಯ ಒಳಸಂಗತಿ ಅವರ ಮುಂದೆ ಹೊರಬರುವಷ್ಟು ಸುಲಭವಾಗಿ ಬೇರೆಯವರ ಮುಂದೆ ಬರುವುದಿಲ್ಲ. ಅವರ ಮೇಲೆ ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂ.ಆರ್.ಡಬ್ಲ್ಯು., ಇರುತ್ತಾರೆ. ಬಳಗ ಕಟ್ಟುವವರು ಈ ಇಬ್ಬರ ಪರಿಚಯವನ್ನು ಮೊದಲ ವಾರದಲ್ಲೇ ಮಾಡಿಕೊಳ್ಳುವುದು ಒಳ್ಳೆಯದು.

ಅಂಗವೈಕಲ್ಯವೆಂದರೆ ಕೈಕಾಲು, ಕಣ್ಣು, ಕಿವಿ ಎಂದಷ್ಟೇ ಎಣಿಸಬಾರದು. 1995ರ ಕಾಯ್ದೆ 7 ಬಗೆಗಳನ್ನು ಗುರುತಿಸಿತ್ತು; ಅದರ ಜಾಗಕ್ಕೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ, ಅದರಲ್ಲಿ ಪಾರ್ಕಿನ್ಸನ್ ಕಾಯಿಲೆ, ಆಟಿಸಂ, ಮಾನಸಿಕ ಕಾಯಿಲೆ, ತಲಸ್ಸೇಮಿಯಾ ಎಲ್ಲವೂ ಸೇರಿವೆ. ಕೈ ನಡುಗುವ ಅಜ್ಜನಿಗೆ ‘ವಯಸ್ಸಾಯಿತು’ ಎಂದು ಹೇಳಿ ಸುಮ್ಮನಾದ ಮನೆಯವರಿಗೆ, ಅವರು ಈ ಕಾಯ್ದೆಯ ವ್ಯಾಪ್ತಿಗೆ ಬರಬಹುದೆಂಬುದು ತಿಳಿದೇ ಇರುವುದಿಲ್ಲ.

ಮನೆಗೆ ಹೋದಾಗ ಕೇಳುವ ಮೊದಲ ಪ್ರಶ್ನೆ ರೋಗಿಯ ಬಗ್ಗೆ ಆಗಿರಬಾರದು. ನೋಡಿಕೊಳ್ಳುವವರನ್ನು ಪಕ್ಕಕ್ಕೆ ಕರೆದು, ‘ನೀವು ಕಡೆಯ ಸಲ ಊರು ಬಿಟ್ಟು ಹೋಗಿದ್ದು ಯಾವಾಗ? ರಾತ್ರಿ ಎಷ್ಟು ಸಲ ಏಳುತ್ತೀರಿ? ನಿಮಗೆ ಜ್ವರ ಬಂದರೆ ಇವರನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂಬ ಮೂರು ಪ್ರಶ್ನೆ ಕೇಳಿದರೆ ಸಾಕು. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಮನೆಯಿಂದ ಬಳಗದ ಕೆಲಸ ಶುರುವಾಗಬೇಕು. ‘ಅಂಗವಿಕಲ’, ‘ವಿಕಲಚೇತನ’, ‘ವಿಶೇಷಚೇತನ’ ಎಂಬ ಹೆಸರುಗಳ ಚರ್ಚೆಗೆ ಇಲ್ಲಿ ಇಳಿಯುವುದು ಬೇಡ. ಆ ವ್ಯಕ್ತಿಯನ್ನು ಅವರ ಹೆಸರು ಹಿಡಿದು, ಅಜ್ಜಿಯಾದರೆ ಅಜ್ಜಿ ಎಂದು, ಕರೆದರೆ ಪ್ರಶ್ನೆಯೇ ಬರುವುದಿಲ್ಲ.

ಬಳಗದ ಗಾತ್ರ ಮತ್ತು ಮೊದಲ ಸಭೆ

ಇಡೀ ಊರನ್ನು ಸೇರಿಸಿ ಸಂಘ ಕಟ್ಟಿದರೆ ಅಧ್ಯಕ್ಷರು, ಕಾರ್ಯದರ್ಶಿಗಳು ಹುಟ್ಟಿಕೊಳ್ಳುತ್ತಾರೆಯೇ ಹೊರತು ಕೂರುವವರು ಸಿಗುವುದಿಲ್ಲ. ನಡೆದು ಹೋಗುವಷ್ಟು ದೂರದಲ್ಲಿರುವ 8ರಿಂದ 10 ಮನೆಗಳು ಸಾಕು. ಅವುಗಳಲ್ಲಿ ಮೂರು ನಾಲ್ಕು ಆರೈಕೆಯ ಮನೆಗಳಿರಲಿ, ಉಳಿದವು ಸದ್ಯಕ್ಕೆ ಅಂಥ ಹೊರೆಯಿಲ್ಲದ ಮನೆಗಳಾಗಿರಲಿ. ಹೊರೆಯಿಲ್ಲದವರು ಏಕೆ ಬರಬೇಕೆಂದು ಕೇಳುವವರಿಗೆ ಅವರ ಮನೆಯಲ್ಲೂ 60 ದಾಟಿದವರು ಇರುವುದನ್ನು ನೆನಪಿಸಿದರೆ ಸಾಕಾಗುತ್ತದೆ. ರಾಗಿಯ ಮುಯ್ಯಿ ಅದೇ ಸುಗ್ಗಿಯಲ್ಲಿ ತೀರುತ್ತದೆ, ಆರೈಕೆಯ ಮುಯ್ಯಿ ಹತ್ತು ವರ್ಷದ ಮೇಲೆ ತೀರಬಹುದು.

ಸಭೆಗೆ ಹೊತ್ತು ಗೊತ್ತುಮಾಡುವಾಗ ಹಾಲಿನ ಡೇರಿಯ ವೇಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಂಜೆ ಹಾಲು ಹಾಕಿ ಕ್ಯಾನು ಹಿಡಿದು ಹಿಂದಿರುಗುವ ಅರ್ಧ ಗಂಟೆಯಲ್ಲಿ ಸಿಗುವಷ್ಟು ಜನ ಭಾನುವಾರದ ಮಧ್ಯಾಹ್ನ ಕರೆದರೂ ಸಿಗುವುದಿಲ್ಲ. ಡೇರಿಯ ಜಗಲಿ, ಭಜನೆ ಮನೆ, ಪಂಚಾಯಿತಿಯ ಅರಿವು ಕೇಂದ್ರ, ಯಾವುದಾದರೂ ಆಗಬಹುದು, ಗಾಲಿಕುರ್ಚಿ ಒಳಗೆ ಬರುವಂತಿರಬೇಕಷ್ಟೆ. ದೇವಸ್ಥಾನದ ಪ್ರಾಂಗಣ ಎಲ್ಲರಿಗೂ ಒಪ್ಪಿಗೆಯಾಗುವ ಊರುಗಳಿವೆ, ಆಗದ ಊರುಗಳೂ ಇವೆ. ಒಂದು ಕೇರಿಯವರು ಕಾಲಿಡಲು ಹಿಂಜರಿಯುವ ಜಾಗದಲ್ಲಿ ಸಭೆ ಕರೆದರೆ ಬಳಗ ಅಲ್ಲಿಗೇ ಅರ್ಧವಾಗುತ್ತದೆ.

ಮೊದಲ ಸಭೆಯಲ್ಲಿ ಭಾಷಣ ಬೇಡ. ಯಾರು ಏನು ಮಾಡಬಲ್ಲರು ಎಂಬುದನ್ನಷ್ಟೇ ಬರೆದುಕೊಳ್ಳಬೇಕು. ಕೆಲವರು ಕೂರಬಲ್ಲರು, ಕೆಲವರು ಎತ್ತಬಲ್ಲರು, ಆಟೋ ಇರುವವರು ಆಸ್ಪತ್ರೆಗೆ ಕರೆದೊಯ್ಯಬಲ್ಲರು, ಕಾಲೇಜಿಗೆ ಹೋಗುವ ಹುಡುಗಿ ಮೊಬೈಲಿನಲ್ಲಿ ಅರ್ಜಿ ತುಂಬಬಲ್ಲಳು. ಆರೈಕೆಯ ಮನೆಯವರಿಂದಲೂ ಏನಾದರೊಂದನ್ನು ಪಡೆಯಲೇಬೇಕೆಂಬುದು ಇಲ್ಲಿ ಮುಖ್ಯ. ಮನೆಯಿಂದ ಹೊರಬರಲಾರದ ತಾಯಿ ಬಳಗದ ನೋಟ್‌ಬುಕ್ಕಿನ ಲೆಕ್ಕ ಇಡಬಹುದು, ಸರದಿಯವರಿಗೆ ಹಿಂದಿನ ರಾತ್ರಿ ಫೋನ್ ಮಾಡಿ ನೆನಪಿಸಬಹುದು, ಬೇರೆ ಮನೆಯ ಮಗುವನ್ನು ತನ್ನ ಮಗುವಿನ ಜೊತೆಗೇ ಒಂದು ತಾಸು ಕೂರಿಸಿಕೊಳ್ಳಬಹುದು. ಹೀಗೆ ಮಾಡಿದರೆ ಹಂಗಿನ ಮಾತು ತಾನಾಗಿ ಹೋಗುತ್ತದೆ.

ಊರಿನಲ್ಲಿ ಸಂಜೀವಿನಿ ಸ್ವಸಹಾಯ ಸಂಘಗಳಿದ್ದರೆ ಅವುಗಳ ಸದಸ್ಯೆಯರಿಂದಲೇ ಬಳಗ ಶುರುವಾಗಬಹುದು. ಅಂಗವಿಕಲರು ಮತ್ತು ಹಿರಿಯರು ಪ್ರತ್ಯೇಕ ಸಂಘ ಕಟ್ಟುವುದಾದರೆ ಗ್ರಾಮೀಣ ಜೀವನೋಪಾಯ ಅಭಿಯಾನದ ನಿಯಮದಲ್ಲಿ ಸಡಿಲಿಕೆಯಿದ್ದು, 5 ಜನರಿದ್ದರೂ ಸಾಕು, ಗಂಡಸರೂ ಹೆಂಗಸರೂ ಒಟ್ಟಿಗೆ ಇರಬಹುದು. ನೋಂದಣಿ, ರಬ್ಬರ್ ಸ್ಟ್ಯಾಂಪುಗಳಿಗೆ ಮೊದಲ ವರ್ಷದಲ್ಲಿ ಆತುರಪಡಬೇಕಾಗಿಲ್ಲ.

ಸರದಿ

ಸರದಿಯೆಂದರೆ ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ, ಎರಡು ತಾಸು. ‘ಬೇಕಾದಾಗ ಕರೆಯಿರಿ’ ಎಂದು ಹೇಳಿದವರನ್ನು ಯಾರೂ ಕರೆಯುವುದಿಲ್ಲ. ‘ಬುಧವಾರ ಮೂರು ಗಂಟೆಗೆ ಬರುತ್ತೇನೆ’ ಎಂದು ಹೇಳಿ ಬಂದವರ ಮೇಲೆ ಎರಡು ತಿಂಗಳಲ್ಲಿ ನಂಬಿಕೆ ಹುಟ್ಟುತ್ತದೆ. ಆ ಎರಡು ತಾಸಿನಲ್ಲಿ ಆಕೆ ಸಂತೆಗೆ ಹೋಗಲಿ, ತವರಿಗೆ ಫೋನ್ ಮಾಡಲಿ, ಬೇವಿನ ಮರದ ಕೆಳಗೆ ಸುಮ್ಮನೆ ಕೂರಲಿ. ಹೇಗೆ ಕಳೆದಳೆಂದು ವಿಚಾರಿಸುವ ಹಕ್ಕು ಬಳಗಕ್ಕಿಲ್ಲ. ಮೊದಲ ಸಲ ನಾವು ಹೋಗಿ ಕೂತ ಮನೆಯಲ್ಲಿ ಆ ಸೊಸೆ ಎರಡು ತಾಸೂ ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡಿದರು. ಮನೆಯವರಲ್ಲೊಬ್ಬರು ಇದಕ್ಕೆ ಮುಖ ಸಿಂಡರಿಸಿದ್ದು ನಿಜ, ಆದರೆ ಆ ನಿದ್ದೆಯೇ ನಾವು ಕೊಟ್ಟ ದೊಡ್ಡ ನೆರವಾಗಿತ್ತು.

ಪ್ರತಿ ಮನೆಯಲ್ಲೂ ಒಂದು ನೋಟ್‌ಬುಕ್ ತೂಗುಹಾಕಬೇಕು. ಅದರ ಮೊದಲ ಪುಟವನ್ನು ನೋಡಿಕೊಳ್ಳುವವರ ಬಾಯಿಂದಲೇ ಕೇಳಿ ಬರೆಯಬೇಕು: ಯಾವ ಮಾತ್ರೆ ಎಷ್ಟು ಹೊತ್ತಿಗೆ, ಯಾವುದನ್ನು ನುಂಗಲಾಗುವುದಿಲ್ಲ, ಕೈ ಎತ್ತಿದರೆ ಏನು ಅರ್ಥ, ಗೋಡೆ ಕಡೆ ಮುಖ ತಿರುಗಿಸಿದರೆ ಏನು ಅರ್ಥ. ಮಾತು ಬಾರದ ಹುಡುಗನೊಬ್ಬ ತನ್ನ ಎಡ ಕಿವಿಯನ್ನು ಹಿಡಿದುಕೊಂಡರೆ ಬಹಿರ್ದೆಸೆಗೆ ಹೋಗಬೇಕೆಂದು ಅರ್ಥ. ಇದು ಅವನ ತಾಯಿಗೆ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಆ ಒಂದು ಸಾಲು ನೋಟ್‌ಬುಕ್ಕಿಗೆ ಬಂದ ಮೇಲೆ ಅವನ ಚಡ್ಡಿ ಒದ್ದೆಯಾಗುವುದು ನಿಂತಿತು. ಮುಂದಿನ ಪುಟಗಳಲ್ಲಿ ಸರದಿಯವರು ಊಟ, ನೀರು, ಮೂತ್ರ, ಮಲ, ಮಗ್ಗುಲು ಬದಲಿಸಿದ ಹೊತ್ತುಗಳನ್ನು ಬರೆದಿಡಬೇಕು. ವೈದ್ಯರ ಬಳಿಗೆ ಹೋಗುವಾಗ ಈ ನೋಟ್‌ಬುಕ್ಕೇ ಜೊತೆಯಲ್ಲಿರಲಿ.

ಕೂರುವವರಿಗೆ ತಿಳಿದಿರಬೇಕಾದದ್ದು

ಲಕ್ವ ಹೊಡೆದವರನ್ನು ಹಾಸಿಗೆಯಿಂದ ಕುರ್ಚಿಗೆ ಕೂರಿಸುವುದನ್ನು ಉದಾಹರಣೆಗೆ ತೆಗೆದುಕೊಳ್ಳೋಣ, ಏಕೆಂದರೆ ಅತಿ ಹೆಚ್ಚು ಅನಾಹುತವಾಗುವುದು ಇಲ್ಲಿಯೇ. ಕುರ್ಚಿಯನ್ನು ಶಕ್ತಿಯಿರುವ ಮಗ್ಗುಲಿಗೆ, ಹಾಸಿಗೆಗೆ ಒತ್ತಿಸಿ ಇಡಬೇಕು. ಗಾಲಿಕುರ್ಚಿಯಾದರೆ ಎರಡೂ ಬ್ರೇಕು ಹಾಕಿರಬೇಕು. ಮೊದಲು ಅವರನ್ನು ಹಾಸಿಗೆಯ ಅಂಚಿಗೆ ಕೂರಿಸಿ, ಎರಡೂ ಪಾದ ನೆಲಕ್ಕೆ ಊರಿರುವುದನ್ನು ನೋಡಿ, ತಲೆ ಸುತ್ತುವುದಿಲ್ಲವೆಂದು ಖಚಿತಪಡಿಸಿಕೊಳ್ಳಲು ಒಂದೆರಡು ನಿಮಿಷ ಹಾಗೇ ಬಿಡಬೇಕು. ಆಮೇಲೆ ಎದುರಿಗೆ ನಿಂತು, ಅವರ ಬಲಹೀನ ಮೊಣಕಾಲಿಗೆ ನಮ್ಮ ಮೊಣಕಾಲಿನ ಆಸರೆ ಕೊಟ್ಟು, ಸೊಂಟದ ಸುತ್ತ ಕಟ್ಟಿದ ಅಗಲ ಬಟ್ಟೆಯನ್ನು ಹಿಡಿದು ಎಬ್ಬಿಸಬೇಕು. ಬಿದ್ದುಹೋದ ಕೈಯನ್ನು ಹಿಡಿದು ಎಳೆಯುವುದು ನಮ್ಮ ಊರುಗಳಲ್ಲಿ ಎಲ್ಲರೂ ಮಾಡುವ ತಪ್ಪು. ಹಾಗೆ ಎಳೆದರೆ ಭುಜದ ಕೀಲು ಸಡಿಲಗೊಂಡು, ಆಮೇಲೆ ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ಅಂಗಿ, ಕುಪ್ಪಸ ತೊಡಿಸುವಾಗ ಬಲಹೀನ ಕೈ ಮೊದಲು, ಬಿಚ್ಚುವಾಗ ಅದು ಕಡೆಗೆ.

ಊಟ ಮಾಡಿಸುವಾಗ ಅವರು ನೆಟ್ಟಗೆ ಕೂತಿರಬೇಕು, ಗಲ್ಲ ಕೊಂಚ ಕೆಳಗಿರಬೇಕು, ತುತ್ತನ್ನು ಶಕ್ತಿಯಿರುವ ದವಡೆಯ ಕಡೆಗೆ ಇಡಬೇಕು. ಮಲಗಿದವರ ಬಾಯಿಗೆ ನೀರು ಹನಿಸುವುದು ಅಪಾಯ. ನುಂಗುವ ತೊಂದರೆಯಿರುವವರಿಗೆ ತೆಳು ನೀರಿಗಿಂತ ಗಟ್ಟಿಯಾಗಿ ಕಾಯಿಸಿದ ರಾಗಿ ಗಂಜಿ ಸುಲಭವಾಗಿ ಇಳಿಯುತ್ತದೆ, ಆದರೆ ಯಾವ ಹದ ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಊಟವಾದ ಮೇಲೆ ಕೆನ್ನೆಯ ಒಳಗೆ ತುತ್ತು ಉಳಿದಿದೆಯೇ ಎಂದು ನೋಡಿ, ಅರ್ಧ ಗಂಟೆ ಮಲಗಿಸದೆ ಹಾಗೆಯೇ ಕೂರಿಸಿರಬೇಕು.

ಹಾಸಿಗೆ ಹುಣ್ಣು ತಡೆಯಲು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದಕ್ಕಿಂತ ಬೇರೆ ಔಷಧವಿಲ್ಲ. ಬೆನ್ನಿನ ಕೆಳಮೂಳೆ, ಸೊಂಟದ ಎರಡು ಬದಿ, ಹಿಮ್ಮಡಿ, ತಲೆಯ ಹಿಂಭಾಗಗಳನ್ನು ದಿನವೂ ಬೆಳಕಿನಲ್ಲಿ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಕೆಂಪು ಮಾಯವಾಗದಿದ್ದರೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಬೇಕು. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ಅಜ್ಜಿಯರು ಪ್ರೀತಿಯಿಂದ ಸೀರೆಯ ಸಿಂಬೆ ಸುತ್ತಿ ಅಡಿಗಿಡುತ್ತಾರೆ, ಆದರೆ ಸಿಂಬೆಯ ಅಂಚು ಸುತ್ತಲಿನ ರಕ್ತ ಸಂಚಾರವನ್ನೇ ತಡೆಯುವುದರಿಂದ ಅದು ಬೇಡ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಕೊಡಬಹುದು.

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುವುದನ್ನು, ಬಾಯಿಗೆ ಚಮಚ ತುರುಕುವುದನ್ನು ಬಳಗದ ಎಲ್ಲರೂ ಇಂದಿಗೇ ಬಿಡಬೇಕು. ಒಂದು ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಗಡಿಯಾರ ನೋಡಬೇಕು. 5 ನಿಮಿಷ ಮೀರಿದರೆ, ಅಥವಾ ಎಚ್ಚರವಾಗದೆಯೇ ಮತ್ತೊಂದು ಸಲ ಬಂದರೆ, 108ಕ್ಕೆ ಕರೆ ಮಾಡಬೇಕು. ಮರೆವಿನ ಕಾಯಿಲೆಯವರ ಅಂಗಿಯ ಒಳಜೇಬಿಗೆ ಫೋನ್ ನಂಬರು ಹೊಲಿದು, ಬಸ್ ನಿಲ್ದಾಣದ ಹೋಟೆಲಿನವರಿಗೂ ಆಟೋದವರಿಗೂ ಅವರ ಗುರುತು ಹೇಳಿಟ್ಟಿರಬೇಕು.

ಮೀರಬಾರದ ಎರಡು ಕಟ್ಟಳೆಗಳಿವೆ. ಮಕ್ಕಳು, ಹೆಣ್ಣುಮಕ್ಕಳು ಮತ್ತು ತಮಗಾದದ್ದನ್ನು ಹೇಳಿಕೊಳ್ಳಲಾರದವರ ಜೊತೆ ಬಳಗದ ಒಬ್ಬರೇ ಬಾಗಿಲು ಹಾಕಿಕೊಂಡು ಇರಕೂಡದು. ಇಬ್ಬರಿರಬೇಕು, ಸ್ನಾನ ಮತ್ತು ಶೌಚದ ಕೆಲಸವನ್ನು ಹೆಣ್ಣಿಗೆ ಹೆಣ್ಣೇ, ಗಂಡಿಗೆ ಗಂಡೇ ಮಾಡಬೇಕು. ಯಾರಿಗೆ ಇದು ಅವಮಾನವೆನಿಸುತ್ತದೋ ಅವರು ಬಳಗಕ್ಕೆ ಬರುವುದೇ ಬೇಡ. ಎರಡನೆಯದಾಗಿ, ಆ ಮನೆಯ ಎ.ಟಿ.ಎಂ. ಕಾರ್ಡು, ಪಾಸ್‌ಬುಕ್ಕು, ಒ.ಟಿ.ಪಿ. ಬಳಗದ ಯಾರ ಕೈಗೂ ಬರಬಾರದು. ಮಾಸಾಶನ ಬಿಡಿಸಿಕೊಡುವ ಉಪಕಾರದಿಂದ ಶುರುವಾಗಿ ನೆಂಟರ ಮಧ್ಯೆ ಪೊಲೀಸ್ ದೂರಿನವರೆಗೆ ಹೋದದ್ದನ್ನು ಕಂಡಿದ್ದೇನೆ.

ಕಾಗದಪತ್ರದ ಓಡಾಟವನ್ನು ಒಟ್ಟಾಗಿ ಮಾಡುವುದು

ನನ್ನ ಸೋದರತ್ತೆಯ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ನಾವು ಮೂರು ಸಲ ಆಸ್ಪತ್ರೆಯೊಂದಕ್ಕೆ ಹೋಗಿಬಂದೆವು. ಮೊದಲ ಸಲ ಮೂಳೆಯ ವೈದ್ಯರು ಬರುವ ದಿನ ಅದಾಗಿರಲಿಲ್ಲ. ಎರಡನೆಯ ಸಲ ವೈದ್ಯರಿದ್ದರು, ಹಳೆಯ ಸ್ಕ್ಯಾನಿನ ವರದಿಯನ್ನು ನಾವು ಮನೆಯಲ್ಲಿ ಬಿಟ್ಟುಬಂದಿದ್ದೆವು. ಮೂರನೆಯ ಸಲ ಆಧಾರಿನಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಮನೆಯಲ್ಲಿ ಕರೆಯುವ ಇನ್ನೊಂದು ಹೆಸರು ಇದ್ದುದು ಹೊರಬಿತ್ತು. ಪ್ರತಿ ಸಲವೂ ನಡೆಯಲಾರದ ಅವರನ್ನು ಬಸ್ಸಿನ ಮೆಟ್ಟಿಲಿನಿಂದ ಇಬ್ಬರು ಎತ್ತಿ ಇಳಿಸಬೇಕಿತ್ತು. ಇದರಲ್ಲಿ ಅರ್ಧ ತಪ್ಪು ನಮ್ಮದೇ. ಒಬ್ಬರು ಮೊದಲೇ ಹೋಗಿ ವಿಚಾರಿಸಿ ಬಂದಿದ್ದರೆ ಮೂರು ಓಡಾಟ ಒಂದಾಗುತ್ತಿತ್ತು.

ಆದ್ದರಿಂದ ಬಳಗದಲ್ಲಿ ಒಬ್ಬರನ್ನು ‘ಕಾಗದದವರು’ ಎಂದು ಗೊತ್ತುಮಾಡಬೇಕು. ಎಲ್ಲ ಮನೆಗಳ ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪುಸ್ತಕದ ಮೊದಲ ಪುಟ ಇವುಗಳಲ್ಲಿ ಹೆಸರು, ಜನ್ಮ ದಿನಾಂಕ ಒಂದೇ ಆಗಿವೆಯೇ ಎಂದು ಅವರು ಮೊದಲು ನೋಡಬೇಕು. ಮೂಲ ಪ್ರತಿಗಳು ಆಯಾ ಮನೆಯಲ್ಲೇ ಇರಲಿ. ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿಗೆ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ತಪಾಸಣೆಗೆ ಯಾವ ಆಸ್ಪತ್ರೆಯಲ್ಲಿ ಯಾವ ವಾರ ಯಾವ ವಿಭಾಗದ ವೈದ್ಯರಿರುತ್ತಾರೆಂದು ವಿ.ಆರ್.ಡಬ್ಲ್ಯು. ಮೂಲಕ ತಿಳಿದು, ಒಂದೇ ಬಗೆಯ ತೊಂದರೆಯವರನ್ನು ಒಂದೇ ದಿನ, ಒಂದೇ ವಾಹನದಲ್ಲಿ ಕರೆದೊಯ್ದರೆ ಬಾಡಿಗೆಯೂ ಹಂಚಿಹೋಗುತ್ತದೆ. ವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚಿರುವವರು ಬಹುತೇಕ ಸೌಲಭ್ಯಗಳಿಗೆ ಅರ್ಹರು, ಶೇ. 75 ದಾಟಿದವರಿಗೆ ರಾಜ್ಯದ ಮಾಸಾಶನದ ಮೊತ್ತವೂ ಹೆಚ್ಚು. ಪ್ರಮಾಣಪತ್ರ ತಾತ್ಕಾಲಿಕವೋ ಕಾಯಂ ಆದದ್ದೋ ಎಂದು ನೋಡಿ, ತಾತ್ಕಾಲಿಕವಾದರೆ ಅವಧಿ ಮುಗಿಯುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು.

ಮಾಸಾಶನದ ಅರ್ಜಿಗಳು, ಅಂಗವಿಕಲರದಾಗಲಿ, 65 ದಾಟಿದವರ ಸಂಧ್ಯಾ ಸುರಕ್ಷಾ ಆಗಲಿ, ನಾಡಕಚೇರಿಯಲ್ಲಿ ಸಲ್ಲುತ್ತವೆ. ಬರುತ್ತಿದ್ದ ಹಣ ಇದ್ದಕ್ಕಿದ್ದಂತೆ ನಿಂತರೆ ಗಾಬರಿಯಾಗುವ ಮೊದಲು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಕಡಿದುಹೋಗಿದೆಯೇ ಎಂದು ವಿಚಾರಿಸಬೇಕು. ಜೀವಮಾನವೆಲ್ಲ ಹೊಲ ಉತ್ತು, ಪಾತ್ರೆ ತಿಕ್ಕಿ ಬೆರಳ ಗೆರೆ ಸವೆದವರ ಹೆಬ್ಬೆಟ್ಟನ್ನು ಯಂತ್ರ ಓದದಿರುವುದು ಸಾಮಾನ್ಯ. ಅಂಥವರ ಕಣ್ಣಿನ ಅಥವಾ ಮುಖದ ಗುರುತು ತೆಗೆದುಕೊಳ್ಳುವಂತೆ ಕೇಳಬಹುದು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ಯೋಜನೆಯನ್ನು 2024–25ರ ರಾಜ್ಯ ಬಜೆಟ್ಟಿನಲ್ಲಿ ಪ್ರಕಟಿಸಲಾಯಿತು. ರೋಗಿಗಲ್ಲದೆ ಆರೈಕೆದಾರರಿಗೇ ಹಣವೆಂಬ ಈ ವಿಚಾರ ಹೊಸದಾಗಿರುವುದರಿಂದ, ಎಂ.ಆರ್.ಡಬ್ಲ್ಯು. ಬಳಿ ಇದನ್ನು ಹೆಸರು ಹೇಳಿಯೇ ವಿಚಾರಿಸಬೇಕು.

ಕೆ.ಎಸ್.ಆರ್.ಟಿ.ಸಿ.ಯ ಅಂಗವಿಕಲರ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿ.ಮೀ. ಒಳಗಿನ ಪ್ರಯಾಣಕ್ಕೆ ಸಲ್ಲುತ್ತದೆ. ಕುಣಿಗಲ್, ತುಮಕೂರಿನವರಿಗೆ ಇದರಲ್ಲಿ ಬೆಂಗಳೂರು ಸಿಗುತ್ತದೆ, ಪಾವಗಡದವರಿಗೆ ಸಿಗುವುದಿಲ್ಲ. ನಿಮ್ಹಾನ್ಸ್‌ಗೆ ಹೋಗಬೇಕಾದ ಪಾವಗಡದ ಮನೆಗಳಿಗೆ ಬಳಗ ಪ್ರಯಾಣದ ಖರ್ಚನ್ನು ಬೇರೆಯಾಗಿ ಯೋಚಿಸಬೇಕಾಗುತ್ತದೆ. ಜೊತೆಗೆ ಹೋಗುವವರು ಹೆಂಗಸಾದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಲ್ಲ. ಮಾನಸಿಕ ಕಾಯಿಲೆಗೆ ಪ್ರತಿ ಸಲವೂ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ಹೊರಡುವ ಮುನ್ನ ಒಂದು ಫೋನ್ ಮಾಡಿ ಕೇಳುವುದು ಕ್ಷೇಮ. ನಮ್ಮದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ತೀವ್ರ ಮನೋರೋಗದವರಿಗೆ ಅವರ ಊರಿನಲ್ಲೇ ಚಿಕಿತ್ಸೆ ಮುಂದುವರಿಯುವಂತೆ ಸಮುದಾಯ ಕಾರ್ಯಕ್ರಮ ನಡೆಸಿದ್ದಾರೆ. ಫೋನಿನಲ್ಲೇ ಮಾತಾಡಬೇಕೆನಿಸುವ ಆರೈಕೆದಾರರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ.

ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ವೈಕಲ್ಯವಿರುವ ಮಕ್ಕಳ ತಂದೆ ತಾಯಿಗಳು ಎರಡು ಸಂಗತಿಗಳನ್ನು ಮರೆಯಬಾರದು. ಒಂದು, ಇಂಥ ವೈಕಲ್ಯಗಳವರಿಗಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆಯಾದ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಆಗುತ್ತದೆ, ಸೇರುವ ಮುನ್ನ ವೈದ್ಯಕೀಯ ಪರೀಕ್ಷೆ ಇಲ್ಲ. ಇನ್ನೊಂದು, ಮಗುವಿಗೆ 18 ತುಂಬಿದ ದಿನದಿಂದ ಕಾನೂನಿನ ದೃಷ್ಟಿಯಲ್ಲಿ ತಂದೆ ತಾಯಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಜಿಲ್ಲಾಧಿಕಾರಿಯವರ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟು ಪೋಷಕತ್ವದ ಆದೇಶ ಪಡೆಯಬೇಕು. ಪೋಷಕರಾದವರು 6 ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿಯನ್ನೂ, ಪ್ರತಿ ಹಣಕಾಸು ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕವನ್ನೂ ಒಪ್ಪಿಸಬೇಕು. ತಂದೆ ತೀರಿಕೊಂಡು ಜಮೀನಿನ ಪಾಲಿನ ಪ್ರಶ್ನೆ ಬಂದ ಮೇಲೆ ಈ ಆದೇಶಕ್ಕೆ ಓಡುವುದು ಸಾಮಾನ್ಯವಾಗಿ ಕಾಣುವ ಸಂಗತಿ. 17ನೆಯ ವರ್ಷದಲ್ಲೇ ಕಾಗದ ಸಿದ್ಧಮಾಡಿಕೊಂಡರೆ ಆ ಒದ್ದಾಟವಿರುವುದಿಲ್ಲ.

ಪಂಚಾಯಿತಿಯನ್ನು ಕೇಳುವುದು

ಗ್ರಾಮ ಪಂಚಾಯಿತಿಗಳು ತಮ್ಮ ಅನುದಾನದಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗಾಗಿ ಬಳಸಬೇಕೆಂಬ ನಿಯಮ ಕರ್ನಾಟಕದಲ್ಲಿದೆ. ಅಂಗವಿಕಲರ ಸಮನ್ವಯ ಗ್ರಾಮಸಭೆ ನಡೆಯುವಾಗ ‘ನಮಗೇನಾದರೂ ಮಾಡಿ’ ಎಂದು ಕೇಳಿದರೆ ಸನ್ಮಾನದ ಶಾಲು ಸಿಗುತ್ತದೆ. ‘ಇಂಥ ಮನೆಯ ಬಚ್ಚಲಿಗೆ ಹಿಡಿಕಂಬಿ, ಇಂಥ ಮನೆಗೆ ಕಮೋಡ್ ಕುರ್ಚಿ, ಅಂಗನವಾಡಿಗೆ ಇಳಿಜಾರು’ ಎಂದು ಅಂದಾಜು ವೆಚ್ಚದೊಂದಿಗೆ ಬರೆದುಕೊಟ್ಟು, ಸ್ವೀಕೃತಿಯ ಸಹಿ ಪಡೆದು, ನಡಾವಳಿಯಲ್ಲಿ ಅದು ದಾಖಲಾಗಿದೆಯೇ ಎಂದು ನೋಡಬೇಕು. ಇಳಿಜಾರಿನ ವಿಷಯದಲ್ಲಿ ಒಂದು ಎಚ್ಚರಿಕೆ: ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು. ಮೇಸ್ತ್ರಿಗೆ ಇದನ್ನು ಹೇಳದಿದ್ದರೆ ಸ್ಕೂಟರ್ ಹತ್ತಿಸುವ ಜಾರುಬಂಡೆ ಕಟ್ಟಿಬಿಡುತ್ತಾರೆ, ಗಾಲಿಕುರ್ಚಿ ಅದರಲ್ಲಿ ಹಿಂದಕ್ಕೆ ಮಗುಚುತ್ತದೆ.

ಮಕ್ಕಳೇ ನೋಡದ ಹಿರಿಯರ ವಿಷಯದಲ್ಲಿ ಬಳಗ ಪಂಚಾಯಿತಿ ಮಾಡಲು ಕೂರಬಾರದು. ಊರಿನ ನ್ಯಾಯ ಬಹಳ ಸಲ ಮಗನ ಪರವಾಗಿ ಮುಗಿಯುತ್ತದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಂತೆ ಉಪವಿಭಾಗಾಧಿಕಾರಿಯವರ ಮುಂದೆ ಅರ್ಜಿ ಹಾಕಬಹುದು, ವಕೀಲರ ಅಗತ್ಯವಿಲ್ಲ, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಗೊತ್ತುಮಾಡಬಹುದು. ನಮ್ಮ ಜಿಲ್ಲೆಯಲ್ಲಿ ತುಮಕೂರು, ತಿಪಟೂರು, ಮಧುಗಿರಿ ಎಂದು ಮೂರು ಉಪವಿಭಾಗಗಳಿದ್ದು, ಶಿರಾ, ಪಾವಗಡ, ಕೊರಟಗೆರೆಯವರು ಮಧುಗಿರಿಗೆ ಹೋಗಬೇಕು. ಮಕ್ಕಳ ಹೆಸರಿಗೆ ದಾನಪತ್ರ ಬರೆದುಕೊಡುವ ಹಿರಿಯರು ‘ನನ್ನನ್ನು ಕೊನೆಯವರೆಗೆ ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸುವಂತೆ ಮೊದಲೇ ಹೇಳಬೇಕು. ಆ ಷರತ್ತು ಮುರಿದಾಗ ದಾನವನ್ನು ರದ್ದುಪಡಿಸಲು ಕಾಯ್ದೆಯ 23ನೆಯ ಕಲಮಿನಲ್ಲಿ ಅವಕಾಶವಿದೆ. ಹಿರಿಯರ ಸಹಾಯವಾಣಿ 14567, ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100.

ಬಳಗ ಸೊರಗುವ ಕಾಲ

ಮೂರನೆಯ ತಿಂಗಳಿಗೆ ಉತ್ಸಾಹ ಇಳಿಯುತ್ತದೆ. ಮದುವೆಗಳ ಕಾಲ, ಹುಣಸೆ ಬಡಿಯುವ ಕಾಲ, ಊರ ಜಾತ್ರೆ, ರಾಗಿ ಕೊಯ್ಲು, ಇವು ಯಾವಾಗ ಬರುತ್ತವೆಂಬುದು ಎಲ್ಲರಿಗೂ ಗೊತ್ತಿರುವುದರಿಂದ, ಆ ವಾರಗಳ ಸರದಿಯನ್ನು ಒಂದು ತಾಸಿಗೆ ಇಳಿಸಿ ಮೊದಲೇ ಬರೆದಿಡಬೇಕು. ತಪ್ಪಿದವರನ್ನು ಸಭೆಯಲ್ಲಿ ಎತ್ತಿ ಆಡಬಾರದು; ಎರಡು ಸಲ ತಪ್ಪಿದರೆ ಯಾರಾದರೊಬ್ಬರು ಮನೆಗೆ ಹೋಗಿ ಏನು ತೊಂದರೆ ಎಂದು ಕೇಳಿಬಂದರೆ ಸಾಕು. ಒಂದು ಸಲ ಹಾಗೆ ಹೋದಾಗ ಆ ಮನೆಯಲ್ಲೇ ಅಜ್ಜ ಬಿದ್ದು ಸೊಂಟ ಮುರಿದುಕೊಂಡಿದ್ದರು, ಹೇಳಿಕೊಳ್ಳಲು ನಾಚಿ ಸುಮ್ಮನಿದ್ದರು.

ಆರೈಕೆ ಪಡೆಯುತ್ತಿದ್ದವರು ತೀರಿಕೊಂಡ ಮನೆಯನ್ನು ಬಳಗ ಅಲ್ಲಿಗೇ ಬಿಡಬಾರದು. ವರ್ಷಗಟ್ಟಲೆ ಎರಡು ತಾಸಿಗೊಮ್ಮೆ ಎದ್ದು ಅಭ್ಯಾಸವಾದ ಸೊಸೆಗೆ ಅತ್ತೆಯ ತಿಥಿ ಮುಗಿದ ಮೇಲೂ ರಾತ್ರಿ ಎಚ್ಚರವಾಗುತ್ತದೆ. ಅವರ ಬುಧವಾರದ ಸರದಿಯನ್ನು ಇನ್ನೂ ಎರಡು ತಿಂಗಳು ಹಾಗೆಯೇ ಇಟ್ಟುಕೊಂಡು, ಹೋಗಿ ಕಾಫಿ ಕುಡಿದು ಬರಬೇಕು. ಸರದಿ ಹಿಡಿಯುವಂತೆ ಅವರನ್ನು ಕೇಳುವ ಆತುರ ಬೇಡ, ತಾವಾಗಿ ಕೇಳುತ್ತಾರೆ. ಆ ಮನೆಯಲ್ಲಿದ್ದ ಏರ್ ಬೆಡ್ಡು, ಕಮೋಡ್ ಕುರ್ಚಿ, ವಾಕರುಗಳನ್ನು ಅವರು ಕೊಡುತ್ತೇವೆಂದರೆ ಸೋಪಿನ ನೀರಿನಲ್ಲಿ ತೊಳೆದು, ಏರ್ ಬೆಡ್ಡನ್ನು ಬಿಸಿಲಿಗೆ ಹಾಕದೆ ನೆರಳಲ್ಲಿ ಒಣಗಿಸಿ, ಪಂಪು ಕೆಲಸ ಮಾಡುತ್ತದೆಯೇ ಎಂದು ನೋಡಿ, ಡೇರಿಯ ಕೋಣೆಯಲ್ಲಿ ಇಡಬೇಕು. ಯಾವ ಮನೆಯಿಂದ ಬಂತು, ಯಾವ ಮನೆಗೆ ಹೋಯಿತು ಎಂಬುದನ್ನು ದಿನಾಂಕ ಸಹಿತ ನೋಟ್‌ಬುಕ್ಕಿನ ಕಡೆಯ ಪುಟದಲ್ಲಿ ಬರೆದು, ಬೀಗದ ಕೈ ಒಂದನ್ನು ಡೇರಿ ಕಾರ್ಯದರ್ಶಿಯವರ ಬಳಿ, ಇನ್ನೊಂದನ್ನು ರಾತ್ರಿ ಹೊತ್ತಿನಲ್ಲೂ ಬಾಗಿಲು ತಟ್ಟಬಹುದಾದ ಮನೆಯಲ್ಲಿ ಇರಿಸಬೇಕು.